ಜೀವ ತೆಗೆದರೂ ಕೇಳುವಂತಿಲ್ಲವೇ?

1975ರ ಡಿಸೆಂಬರ್. ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠದೆದುರು ಅಟಾರ್ನಿ ಜನರಲ್ ನಿರೇನ್ ಡೇ ಸರ್ಕಾರದ ಪರ ವಾದ ಮಂಡಿಸುತ್ತಿದ್ದರು. ನ್ಯಾಯಮೂರ್ತಿ ಎಚ್.ಆರ್. ಖನ್ನಾ ನಡುವೆ ಒಂದು ಪ್ರಶ್ನೆ ಎತ್ತಿದರು: ಪೊಲೀಸ್ ಅಧಿಕಾರಿಯೊಬ್ಬ ಸ್ವಂತ ಹಗೆ ತೀರಿಸಿಕೊಳ್ಳಲು ಯಾರನ್ನಾದರೂ ಕೊಂದರೆ ಆಗಲೂ ಕೋರ್ಟಿನಲ್ಲಿ ಪರಿಹಾರ ಇಲ್ಲವೇ? ತಮ್ಮ ವಾದದ ಪ್ರಕಾರ, ತುರ್ತು ಪರಿಸ್ಥಿತಿ ಇರುವಷ್ಟು ದಿನ ಇಲ್ಲ ಎಂದರು ಡೇ.

ಕಾನೂನು ಕಾಲೇಜುಗಳಲ್ಲಿ ಜೂರಿಸ್‌ಪ್ರುಡೆನ್ಸ್ (ಕಾನೂನಿನ ತತ್ವಶಾಸ್ತ್ರ) ಎಂದರೆ ಗೈಡ್ ಓದಿ ದಾಟಿಬಿಡುವ ಪತ್ರಿಕೆ. ಆಸ್ಟಿನ್ ಹೀಗೆಂದ, ಹಾರ್ಟ್ ಹಾಗೆಂದ ಎಂದು ಬರೆದರೆ ಅಂಕ ಸಿಗುತ್ತದೆ. ಆದರೆ ಎಡಿಎಂ ಜಬಲ್ಪುರ ಎಂದು ಹೆಸರಾದ ಈ ಮೊಕದ್ದಮೆಯಲ್ಲಿ, ಕಾನೂನು ಎಂದರೇನು ಎಂಬ ಆ ಹಳೆಯ ಪ್ರಶ್ನೆಗೆ ಕೊಡುವ ಉತ್ತರದ ಮೇಲೆ ತುರ್ತು ಪರಿಸ್ಥಿತಿಯಲ್ಲಿ ಬಂಧಿತರಾಗಿದ್ದ ಸಾವಿರಾರು ಜನರ ಬಿಡುಗಡೆ ನಿಂತಿತ್ತು.

ಅದರ ಒಂದು ಎಳೆ ಬೆಂಗಳೂರಿನದು. ಸಂಸದೀಯ ಸಮಿತಿಯ ಸಭೆಗೆಂದು ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಮೊದಲಾದವರನ್ನು 1975ರ ಜೂನ್ 26ರಂದು ಇಲ್ಲೇ ಬಂಧಿಸಿ ಸೆಂಟ್ರಲ್ ಜೈಲಿಗೆ (ಈಗಿನ ಫ್ರೀಡಂ ಪಾರ್ಕ್) ಕಳಿಸಿದರು. ಅವರು ಬಂಧನವನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಸಂವಿಧಾನದ 14, 21, 22ನೇ ವಿಧಿಗಳ ಜಾರಿಗಾಗಿ ಕೋರ್ಟಿಗೆ ಹೋಗುವ ಹಕ್ಕನ್ನು ರಾಷ್ಟ್ರಪತಿಗಳ ಆದೇಶ ಅಮಾನತಿನಲ್ಲಿಟ್ಟಿತ್ತು. ಆದರೂ ಇಂಥ ಅರ್ಜಿಗಳನ್ನು ವಿಚಾರಣೆಗೆ ಎತ್ತಿಕೊಳ್ಳಬಹುದು ಎಂದು ಕರ್ನಾಟಕ ಸೇರಿ 9 ಹೈಕೋರ್ಟುಗಳು ಹೇಳಿದ್ದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟ್ 4-1ರ ಬಹುಮತದಿಂದ ಅದನ್ನೆಲ್ಲ ತಳ್ಳಿಹಾಕಿತು. ಬಹುಮತದ ಕಡೆಯಿದ್ದ ನ್ಯಾಯಮೂರ್ತಿ ಎಂ.ಎಚ್. ಬೇಗ್ ಅವರಂತೂ, ಸರ್ಕಾರ ಬಂಧಿತರನ್ನು ಹೆಚ್ಚುಕಡಿಮೆ ತಾಯಿಯ ಹಾಗೆ ನೋಡಿಕೊಳ್ಳುತ್ತಿದೆ ಎಂಬರ್ಥದ ಮಾತನ್ನೂ ಸೇರಿಸಿದರು!

ನಾಲ್ವರ ತರ್ಕ ಸರಳ. ಜೀವದ ಹಕ್ಕು ಇರುವುದು 21ನೇ ವಿಧಿಯಲ್ಲಿ, ಅದರ ಬಾಗಿಲು ಮುಚ್ಚಿದೆ, ಬೇರೆ ಬಾಗಿಲಿಲ್ಲ. ಖನ್ನಾ ಒಪ್ಪಲಿಲ್ಲ. ಆ ವಿಧಿ ಇರಲಿ, ಬಿಡಲಿ, ಕಾನೂನಿನ ಆಧಾರವಿಲ್ಲದೆ ಒಬ್ಬರ ಪ್ರಾಣವನ್ನೋ ಸ್ವಾತಂತ್ರ್ಯವನ್ನೋ ಕಸಿಯುವ ಅಧಿಕಾರ ಪ್ರಭುತ್ವಕ್ಕೆ ಇಲ್ಲವೇ ಇಲ್ಲ, ಕಾನೂನಿನ ಆಳ್ವಿಕೆ ಎಂದರೆ ಅದೇ ಎಂದರು.

ನಾಲ್ವರದು ಪಾಸಿಟಿವಿಸಂ (ಅಧಿಕೃತವಾಗಿ ಜಾರಿಯಾದದ್ದೇ ಕಾನೂನು, ಅದು ನ್ಯಾಯವೇ ಎಂಬುದು ಬೇರೆ ಪ್ರಶ್ನೆ ಎಂಬ ಪಂಥ), ಖನ್ನಾ ಅವರದು ನೈಸರ್ಗಿಕ ಕಾನೂನಿನ ಪಂಥ (ಬರೆದ ಕಾನೂನಿಗೂ ಮೇಲೆ ನ್ಯಾಯವಿದೆ ಎನ್ನುವುದು) ಎಂದು ಹಣೆಪಟ್ಟಿ ಹಚ್ಚಿ ಮುಗಿಸುವುದು ಸುಲಭ. ನನಗೆ ಅದು ಅನ್ಯಾಯವೆನಿಸುತ್ತದೆ, ಮುಖ್ಯವಾಗಿ ಎಚ್.ಎಲ್.ಎ. ಹಾರ್ಟ್‌ಗೆ. ಕಾನೂನೆಂದರೆ ಸಾರ್ವಭೌಮನ ಆಜ್ಞೆ, ಮೀರಿದರೆ ದಂಡನೆ ಎಂದು 1832ರಲ್ಲಿ ಬರೆದವನು ಜಾನ್ ಆಸ್ಟಿನ್. ಹಾಗಿದ್ದರೆ ಪಿಸ್ತೂಲು ತೋರಿಸಿ ಹಣ ಕೇಳುವವನಿಗೂ ಸರ್ಕಾರಕ್ಕೂ ಏನು ವ್ಯತ್ಯಾಸ ಎಂದು 1961ರ ತನ್ನ ಪುಸ್ತಕದಲ್ಲಿ ಕೇಳಿದವನು ಹಾರ್ಟ್. ಯಾವುದು ಕಾನೂನು ಎಂದು ಗುರುತಿಸಲು ನ್ಯಾಯಾಧೀಶರೂ ಅಧಿಕಾರಿಗಳೂ ಒಪ್ಪಿ ನಡೆಯುವ ನಿಯಮವೊಂದು ಇರುತ್ತದೆ; ಬರೀ ಭಯದಿಂದ ಕಾನೂನು ನಿಲ್ಲುವುದಿಲ್ಲ ಎಂಬುದು ಅವನ ನಿಲುವು.

ಹಾರ್ಟ್ ಮತ್ತು ಇನ್ನೊಬ್ಬ ಕಾನೂನು ಚಿಂತಕ ಲಾನ್ ಫುಲ್ಲರ್ 1958ರಲ್ಲಿ ಹಾರ್ವರ್ಡ್ ಲಾ ರಿವ್ಯೂ ಪತ್ರಿಕೆಯಲ್ಲಿ ಜಗಳಕ್ಕಿಳಿದದ್ದು ಒಬ್ಬ ಜರ್ಮನ್ ಹೆಂಗಸಿನ ವಿಷಯಕ್ಕೆ. 1944ರಲ್ಲಿ ರಜೆಯ ಮೇಲೆ ಮನೆಗೆ ಬಂದ ಸೈನಿಕ ಗಂಡ ಹಿಟ್ಲರನನ್ನು ಬೈದ. ಅವನನ್ನು ಹೇಗಾದರೂ ಕಳೆದುಕೊಳ್ಳಬೇಕೆಂದಿದ್ದ ಆಕೆ ಹೋಗಿ ದೂರು ಕೊಟ್ಟಳು. ಅವನಿಗೆ ಮರಣದಂಡನೆಯಾಯಿತು, ಕೊಲ್ಲದೆ ಮತ್ತೆ ಯುದ್ಧಭೂಮಿಗೆ ಅಟ್ಟಿದರು. ಯುದ್ಧ ಮುಗಿದ ಮೇಲೆ ಕಟಕಟೆ ಹತ್ತಿದವಳು ಆಕೆ. ‘ಅಂದಿನ ಕಾನೂನಿನಂತೆ ನಡೆದುಕೊಂಡೆ’ ಎಂಬುದು ಆಕೆಯ ಸಮರ್ಥನೆ. ಕೋರ್ಟ್ ಶಿಕ್ಷಿಸಿತು. ಅನ್ಯಾಯ ಸಹಿಸಲಾಗದಷ್ಟು ಮಿತಿಮೀರಿದಾಗ ಅಂಥ ಕಾನೂನು ಕಾನೂನೇ ಅಲ್ಲ ಎಂದು ನಾಜಿಗಳಿಂದ ಹುದ್ದೆ ಕಳೆದುಕೊಂಡಿದ್ದ ಗುಸ್ತಾವ್ ರಾಡ್‌ಬ್ರುಖ್ 1946ರಲ್ಲೇ ಬರೆದಿದ್ದ. ಫುಲ್ಲರ್ ಕೂಡ ಅದೇ ದಿಕ್ಕಿನವನು: ಗುಟ್ಟಾದ, ಪೂರ್ವಾನ್ವಯವಾದ, ಪಾಲಿಸಲಾಗದ ಆಜ್ಞೆಗಳ ರಾಶಿ ಕಾನೂನಿನ ವ್ಯವಸ್ಥೆ ಎನಿಸಿಕೊಳ್ಳುವುದಿಲ್ಲ.

ಹಾರ್ಟ್ ಹೇಳಿದ್ದು ಬೇರೆ. ಅದು ಕಾನೂನೇ, ಆದರೆ ಪಾಲಿಸಬಾರದಷ್ಟು ನೀಚವಾದ ಕಾನೂನು. ಅವಳನ್ನು ಶಿಕ್ಷಿಸಲೇಬೇಕೆಂದಿದ್ದರೆ ಹೊಸ ಕಾಯ್ದೆ ಮಾಡಿ, ಪೂರ್ವಾನ್ವಯ ಮಾಡುತ್ತಿದ್ದೇವೆಂದು ಬಾಯಿಬಿಟ್ಟು ಹೇಳಿ. ಅಂದರೆ ಕಾನೂನಾಗಿರುವುದಕ್ಕೂ ಪಾಲನೆಗೆ ಯೋಗ್ಯವಾಗಿರುವುದಕ್ಕೂ ಗೆರೆ ಎಳೆದವನು ಅವನು. ಜಬಲ್ಪುರದ ನಾಲ್ವರು ಆ ಗೆರೆಯ ಆಚೆಗಿನ, ಪಾಲಿಸಬೇಕೇ ಎಂಬ ಪ್ರಶ್ನೆಯನ್ನು ಕೇಳಲೇ ಇಲ್ಲ.

ಇನ್ನೊಬ್ಬ ಪಾಸಿಟಿವಿಸ್ಟ್ ಹ್ಯಾನ್ಸ್ ಕೆಲ್ಸನ್ನನ ಪಾಡು ಇನ್ನೂ ಕೆಟ್ಟದ್ದು. ಯಶಸ್ವಿ ಕ್ರಾಂತಿಯ ನಂತರ ಕಾನೂನಿನ ಮೂಲವೇ ಬದಲಾಗುತ್ತದೆ ಎಂಬ ಅವನ ಸಿದ್ಧಾಂತವನ್ನು ಹಿಡಿದು ಪಾಕಿಸ್ತಾನದ ಸುಪ್ರೀಂ ಕೋರ್ಟ್ 1958ರ ಸೇನಾ ಕ್ಷಿಪ್ರಕ್ರಾಂತಿಗೆ ಮುದ್ರೆ ಒತ್ತಿತು. ಅದನ್ನು ಕೈಬಿಟ್ಟದ್ದು 1972ರಲ್ಲಿ.

ಇನ್ನೊಬ್ಬ ಕಾನೂನು ಚಿಂತಕ ರೊನಾಲ್ಡ್ ಡ್ವಾರ್ಕಿನ್ ತಂದ ಉದಾಹರಣೆ ಆಸ್ತಿಯದು. ನ್ಯೂಯಾರ್ಕಿನ ಹುಡುಗ ಎಲ್ಮರ್ ಪಾಮರ್, ಅಜ್ಜ ಉಯಿಲು ಬದಲಿಸಿಯಾನೆಂದು 1882ರಲ್ಲಿ ವಿಷವಿಕ್ಕಿ ಕೊಂದ. ಕೊಲೆಗಾರನಿಗೆ ಉಯಿಲಿನ ಆಸ್ತಿ ಸಲ್ಲದು ಎಂದು ಕಾಯ್ದೆ ಎಲ್ಲೂ ಹೇಳಿರಲಿಲ್ಲ. ತಾನು ಮಾಡಿದ ತಪ್ಪಿನಿಂದ ಯಾರೂ ಲಾಭ ಪಡೆಯಬಾರದು ಎಂಬ ತತ್ವದ ಮೇಲೆ 1889ರಲ್ಲಿ ಕೋರ್ಟ್ ಅವನಿಗೆ ಆಸ್ತಿ ಕೊಡಲಿಲ್ಲ. ನಿಯಮಗಳ ಜೊತೆಗೆ ತತ್ವಗಳೂ ಕಾನೂನಿನ ಭಾಗವೇ ಎನ್ನುತ್ತಾನೆ ಡ್ವಾರ್ಕಿನ್. ಖನ್ನಾ ಅವರ ಭಿನ್ನ ತೀರ್ಪು ಓದಿದಾಗ ನನಗೆ ನೆನಪಾಗುವವನು ಇವನೇ. ನಮ್ಮಲ್ಲಿ ಹಿಂದೂಗಳ ಮಟ್ಟಿಗೆ, ಕೊಲೆಗಾರ ವಾರಸುದಾರರ ವಿಷಯದಲ್ಲಿ ಈ ಚರ್ಚೆ ಅಷ್ಟಾಗಿ ಬೇಕಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 25ನೇ ಕಲಮು ಕೊಲೆಗಾರ ವಾರಸುದಾರನನ್ನು ನೇರವಾಗಿ ಹೊರಗಿಟ್ಟಿದೆ.

ಅಮೆರಿಕದ ರಿಯಲಿಸ್ಟರು ಇದನ್ನೆಲ್ಲ ಕೇಳಿ ನಕ್ಕಾರು. ಕೋರ್ಟು ನಿಜವಾಗಿ ಏನು ಮಾಡುತ್ತದೆ ಎಂಬ ಅಂದಾಜೇ ಕಾನೂನು ಎಂದು 1897ರಲ್ಲಿ ಹೇಳಿದ ಹೋಮ್ಸ್ ಇವರ ಹಿರಿಯ. ಇವರ ಕೈಗೆ ಜಬಲ್ಪುರದ ಕಡತ ಕೊಟ್ಟರೆ ತರ್ಕ ಬಿಟ್ಟು ವರ್ಗಾವಣೆ ಪಟ್ಟಿ ನೋಡುತ್ತಾರೆ. 1976ರಲ್ಲಿ 16 ಹೈಕೋರ್ಟ್ ನ್ಯಾಯಮೂರ್ತಿಗಳ ಎತ್ತಂಗಡಿಯಾಯಿತು. 1977ರ ಜನವರಿಯಲ್ಲಿ ಹಿರಿಯರಾದ ಖನ್ನಾ ಅವರನ್ನು ಬಿಟ್ಟು ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಖನ್ನಾ ರಾಜೀನಾಮೆ ಕೊಟ್ಟರು.

ಜಬಲ್ಪುರದ ತೀರ್ಪನ್ನು ಸುಪ್ರೀಂ ಕೋರ್ಟೇ ರದ್ದು ಮಾಡಿದ್ದು 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಖಾಸಗಿತನದ ಮೊಕದ್ದಮೆಯಲ್ಲಿ. ಜೀವದ ಹಕ್ಕು ಸಂವಿಧಾನ ಕೊಟ್ಟ ದಾನವಲ್ಲ ಎಂದು ಬರೆದವರು ಡಿ.ವೈ. ಚಂದ್ರಚೂಡ್, 1976ರ ನಾಲ್ವರಲ್ಲಿ ಒಬ್ಬರಾದ ವೈ.ವಿ. ಚಂದ್ರಚೂಡರ ಮಗ. ತೀರ್ಪು ನೈಸರ್ಗಿಕ ಕಾನೂನಿನ ಗೆಲುವಿನಂತೆ ಕಾಣುತ್ತದೆ. ಆದರೆ ಆ ಹೊತ್ತಿಗೆ ಸಂಸತ್ತು ತನ್ನ ಕೆಲಸ ಮುಗಿಸಿ ದಶಕಗಳೇ ಆಗಿದ್ದವು. 20 ಮತ್ತು 21ನೇ ವಿಧಿಗಳನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತಿನಲ್ಲಿಡುವಂತಿಲ್ಲ ಎಂದು 1978ರ 44ನೇ ತಿದ್ದುಪಡಿ ಬರೆದಿಟ್ಟಿತ್ತು. ನಿಸರ್ಗದತ್ತ ಹಕ್ಕು ಎಂಬುದು ಅರ್ಥವಿಲ್ಲದ ಮಾತು, ಹಕ್ಕು ಬೇಕಿದ್ದರೆ ಕಾನೂನು ಬರೆಯಿರಿ ಎನ್ನುತ್ತಿದ್ದ ಆಸ್ಟಿನ್ನನ ಗುರು ಜೆರೆಮಿ ಬೆಂಥಮ್ ಮೆಚ್ಚುತ್ತಿದ್ದುದು ತೀರ್ಪನ್ನಲ್ಲ, ಈ ತಿದ್ದುಪಡಿಯನ್ನು.