ಹರಾಜಿನಲ್ಲಿ ಹಳೆಯ ಟ್ರ್ಯಾಕ್ಟರು

ಸಾಲ ತೀರದ ಟ್ರ್ಯಾಕ್ಟರುಗಳನ್ನು ವಶಪಡಿಸಿಕೊಂಡು ಬ್ಯಾಂಕುಗಳು ಹರಾಜಿಗಿಡುವುದುಂಟು. ಅಗ್ಗಕ್ಕೆ ದೊರೆಯುವುದೆಂಬ ಆಸೆಯಿಂದ ಮನೆಯಾಕೆಯ ಬಳೆಗಳನ್ನು ಒತ್ತೆಯಿಟ್ಟು ಹೊರಡುವ ಗೃಹಸ್ಥರು ನಮ್ಮ ಮಾತನ್ನು ಕೊಂಚ ಲಾಲಿಸಬೇಕು.

ಹರಾಜಿನ ಯಂತ್ರವು ಸಾಮಾನ್ಯವಾಗಿ ಇದ್ದಲ್ಲಿಯೇ, ಇದ್ದಂತೆಯೇ ಮಾರಾಟವಾಗುತ್ತದೆ. ಕೊಂಡ ಬಳಿಕ ದೂರಿಗೆ ಎಡೆಯಿಲ್ಲ. ಆದುದರಿಂದ ನಂಬಿಕೆಯ ಮೆಕ್ಯಾನಿಕ್ಕನೊಡನೆ ಮುಂಚಿತವಾಗಿಯೇ ಹೋಗಿ, ಇಂಜಿನು ತಣ್ಣಗಿರುವಾಗ ಚಾಲೂ ಮಾಡಿಸತಕ್ಕದ್ದು. ಮೊದಲೇ ಬಿಸಿಮಾಡಿಟ್ಟ ಇಂಜಿನು ತನ್ನ ರೋಗವನ್ನು ಮರೆಮಾಚುತ್ತದೆ. ನೀಲಿ ಹೊಗೆಯು ನಿಲ್ಲದೆ ಬಂದರೆ ಆಯಿಲು ಉರಿಯುತ್ತಿದೆಯೆಂದೂ, ಆಯಿಲು ಹಾಲು ಬೆರೆತಂತೆ ಕಂಡರೆ ನೀರು ಸೇರಿದೆಯೆಂದೂ ತಿಳಿಯಬೇಕು. ಹಿಂದಿನ ಹೈಡ್ರಾಲಿಕ್ ತೋಳುಗಳಿಗೆ ನೇಗಿಲನ್ನು ಸಿಕ್ಕಿಸಿ ಎತ್ತಿಸಿ, ಅದು ತಾನಾಗಿ ಕೆಳಗಿಳಿಯುವುದೋ ಎಂದು ನೋಡಬೇಕು. ಗಂಟೆಗಳ ಮೀಟರನ್ನೊಂದನ್ನೇ ನಂಬಲಾಗದು. ತುಳಿದು ತುಳಿದು ಸವೆದ ಕ್ಲಚ್ಚಿನ ಪೆಡಲು ಅದಕ್ಕಿಂತ ಸತ್ಯವಾದಿ. ಹೊಸ ಬಣ್ಣವಂತೂ ವೃದ್ಧನು ಕೂದಲಿಗೆ ಬಳಿದುಕೊಂಡ ಕಪ್ಪಿನಂತೆ!

ಬಳಿಕ ಲೆಕ್ಕ. ಅದೇ ಮಾದರಿಯ, ಅದೇ ವಯಸ್ಸಿನ ಟ್ರ್ಯಾಕ್ಟರು ಸುತ್ತಮುತ್ತ 4 ಲಕ್ಷಕ್ಕೆ ಮಾರುವುದೆನ್ನೋಣ. ಟೈರು, ರಿಪೇರಿ, ತೆರಿಗೆ, ಸಾಗಣೆಗಳಿಗೆ 90,000 ಹಿಡಿಯುವುದಾದರೆ ನಮ್ಮ ಕೊನೆಯ ಸವಾಲು 3,10,000 ಮಾತ್ರ. ಇದನ್ನು ಮನೆಯಲ್ಲಿಯೇ, ಮನೆಯಾಕೆಯ ಎದುರಿಗೇ, ಚೀಟಿಯಲ್ಲಿ ಬರೆದು ಜೇಬಿಗಿಟ್ಟುಕೊಳ್ಳುವುದು ಲೇಸು. ಎದುರಾಳಿಯು ಇನ್ನೊಂದು ಸಾವಿರ ಕೂಗಿದೊಡನೆ ಮಾನದ ಪ್ರಶ್ನೆಯೆಂದು ಹಟಕ್ಕೆ ಬಿದ್ದವರನ್ನು ನಾವು ಬಲ್ಲೆವು. ಯಂತ್ರವು ಅವರ ಪಾಲಾಯಿತು, ಬಳೆಗಳು ಹಿಂದಿರುಗಲಿಲ್ಲ.

ಹಣ ಸಲ್ಲಿಸುವ ಮುನ್ನ ಚಾಸಿಯ ಸಂಖ್ಯೆಯು ನೋಂದಣಿ ಪತ್ರದೊಡನೆ ಹೊಂದುವುದೇ ಎಂದು ನೋಡಿರಿ. ಆ ಪತ್ರದಲ್ಲಿರುವ ಬ್ಯಾಂಕಿನ ಸಾಲದ ನಮೂದನ್ನು ತೆಗೆಸಲು ಬೇಕಾದ 35ನೆಯ ನಮೂನೆಯನ್ನು ಯಾವಾಗ ಕೊಡುವರೆಂಬುದನ್ನು ಬರಹದಲ್ಲಿ ಪಡೆಯಿರಿ.