ಅಟ್ಟದ ಮೇಲಿನ ಚಕಮಕಿ ಬಂದೂಕು: ಮಾರುವ ಮೊದಲು ಓದಿ ನೋಡಿ

ಆಳಂದ ತಾಲ್ಲೂಕಿನ ನಮ್ಮ ಮಟಕಿಯಂಥ ಊರುಗಳಲ್ಲಿ ಈಗ ಹಳೇ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸುವ ಕಾಲ. ಜಂತಿ, ತೊಲೆ ಇಳಿಸುವಾಗ ತಾಮ್ರದ ಹಂಡೆ, ನಿಜಾಮರ ಕಾಲದ ನಾಣ್ಯಗಳ ಜತೆ ಅಪರೂಪಕ್ಕೊಮ್ಮೆ ತುಕ್ಕು ಹಿಡಿದ ಉದ್ದನೆಯ ಬಂದೂಕು ಸಿಗುವುದುಂಟು. ಸುದ್ದಿ ಹಬ್ಬಿದ ಎರಡೇ ದಿನಕ್ಕೆ ‘ಹಳೇ ಸಾಮಾನು ಏನರೆ ಅದ ಏನ್ರಿ?’ ಅಂತ ಯಾರಾದರೂ ಬಾಗಿಲಿಗೆ ಬಂದೇ ಬರುತ್ತಾರೆ. ಇಂಥ ಬಂದೂಕುಗಳ ಬಗ್ಗೆ ಓದುವ, ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನಂಥ ಕಡೆ ಹೋಗಿ ನೋಡುವ ಹುಚ್ಚು ನನಗೆ ಬಹಳ ವರ್ಷಗಳಿಂದ ಇದೆ. ನಾನು ಕಂಡದ್ದು, ತಿಳಿದದ್ದು ನಿಮಗೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಕಿಡಿ ಹಾರಿಸುವ ಕುದುರೆ

ಚಕಮಕಿ ಬಂದೂಕಿನಲ್ಲಿ ‘ಕುದುರೆ’ಯ ಬಾಯಿಗೆ ಒಂದು ಚಕಮಕಿ ಕಲ್ಲು ಕಚ್ಚಿಸಿರುತ್ತಾರೆ. ಒತ್ತಿದಾಗ ಅದು ಉಕ್ಕಿನ ತಗಡಿಗೆ ಬಡಿದು ಕಿಡಿ ಹಾರುತ್ತದೆ. ಪಕ್ಕದ ಪುಟ್ಟ ಬಟ್ಟಲಿನ ಮದ್ದು ಹೊತ್ತಿಕೊಂಡು, ಸಣ್ಣ ತೂತಿನಿಂದ ಬೆಂಕಿ ನಳಿಗೆಯೊಳಗೆ ಹೋಗಿ ಗುಂಡು ಹಾರುತ್ತದೆ. ಇದಕ್ಕೂ ಮುಂಚಿನದು ಉರಿಯುವ ಬತ್ತಿಯಿಂದ ಹಾರಿಸುವ ಬಂದೂಕು.

ಬ್ರಿಟಿಷ್ ಸೈನಿಕರ ಚಕಮಕಿ ಬಂದೂಕಿಗೆ ‘ಬ್ರೌನ್ ಬೆಸ್’ ಎಂಬ ಅಡ್ಡಹೆಸರು. ಮೊದಲು ಅದರ ನಳಿಗೆ 46 ಇಂಚು ಉದ್ದವಿತ್ತು, ಆಮೇಲೆ 42 ಇಂಚಾಯಿತು. ಈಸ್ಟ್ ಇಂಡಿಯಾ ಕಂಪನಿ ತನ್ನ ಸೈನ್ಯಕ್ಕೆ 39 ಇಂಚಿನದನ್ನೇ ಮಾಡಿಸಿತು. 1793ರಲ್ಲಿ ಫ್ರಾನ್ಸ್ ಜತೆ ಯುದ್ಧ ಶುರುವಾಗಿ ಬಂದೂಕು ಸಾಲದೆ ಹೋದಾಗ ಬ್ರಿಟಿಷ್ ಸರಕಾರವೇ ಕಂಪನಿಯ ಬಂದೂಕುಗಳನ್ನು ಕೊಂಡು, ಅದೇ ಮಾದರಿಯನ್ನು ತನ್ನದಾಗಿಸಿಕೊಂಡಿತು. ಹಾಗಾಗಿ ಅದರ ಹೆಸರೇ ‘ಇಂಡಿಯಾ ಪ್ಯಾಟರ್ನ್’. ಪಳಗಿದ ಸಿಪಾಯಿ ನಿಮಿಷಕ್ಕೆ ಮೂರು ಗುಂಡು ಹಾರಿಸುತ್ತಿದ್ದ. ನೂರು ಗಜ ದಾಟಿದರೆ ಗುರಿಯ ನಂಬಿಕೆ ಇಲ್ಲ. 1840ರ ಹೊತ್ತಿಗೆ ಟೋಪಿ ಬಂದೂಕು ಬಂದು ಚಕಮಕಿಯ ಕಾಲ ಮುಗಿಯಿತು.

ನಮ್ಮ ಕಡೆ ಯಾಕೆ ಅಪರೂಪ?

1857ರಲ್ಲಿ ಬ್ರಿಟಿಷರು ಜನರ ಕೈಯಿಂದ ಆಯುಧ ಕಸಿಯತೊಡಗಿದರು. ಅದನ್ನು ಒಪ್ಪದೆ ಮುಧೋಳ ಸೀಮೆಯ ಹಲಗಲಿ ಬೇಡರು ಆ ವರ್ಷದ ನವೆಂಬರಿನಲ್ಲಿ ಹೋರಾಡಿದರು. ಊರು ಸುಟ್ಟುಹೋಯಿತು, ಅನೇಕರನ್ನು ಗಲ್ಲಿಗೇರಿಸಿದರು. 1858ರ ಫೆಬ್ರುವರಿಯಲ್ಲಿ ನಮ್ಮ ನೆರೆಯ ಸುರಪುರವೂ ಬ್ರಿಟಿಷರ ವಶವಾಯಿತು. ಮುಂದೆ 1948ರಲ್ಲಿ, ರಜಾಕಾರರ ಹಾವಳಿ ಮತ್ತು ಪೊಲೀಸ್ ಕಾರ್ಯಾಚರಣೆಯ ದಿನಗಳಲ್ಲಿ, ಇದ್ದಬಿದ್ದ ಬಂದೂಕು ಮುಚ್ಚಿಟ್ಟವರೂ ಇದ್ದರು. ಕೊಡಗಿನ ಕಥೆಯೇ ಬೇರೆ. ಅಲ್ಲಿಯ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಕೋವಿ ಲೈಸೆನ್ಸಿನ ವಿನಾಯಿತಿ ಇದೆ. 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದರು. ನಮಗೆ ಆ ವಿನಾಯಿತಿ ಇಲ್ಲ.

ಕಾಕಾನ ಮನೆಯ ಬಂದೂಕು

ನಮ್ಮ ದೂರದ ಕಾಕಾನ ಮನೆಯ ಅಟ್ಟದಲ್ಲಿ ಇಂಥದ್ದೊಂದು ಸಿಕ್ಕಿತು. ಮುತ್ಯಾ ಅದನ್ನು ರಜಾಕಾರರ ದಿನಗಳಲ್ಲಿ ಜೋಳದ ಹಗೇವಿನಲ್ಲಿ ಇಳಿಸಿಟ್ಟಿದ್ದ ಎಂಬುದು ಮನೆಯವರ ಮಾತು. ಗಡಿಯಾಚೆಯಿಂದ ಬಂದ ವ್ಯಾಪಾರಿ ಮೂವತ್ತು ಸಾವಿರಕ್ಕೆ ಕೇಳಿದ. ‘ತಮ್ಮಾ, ಮಗಳ ಲಗ್ನದ ಸಾಲ ಇನ್ನಾ ತೀರಿಲ್ಲ. ಈ ತುಕ್ಕು ಕಬ್ಬಿಣ ಇಟ್ಕೊಂಡು ನಾ ಏನ್ ಮಾಡಲಿ?’ ಅಂದ ಕಾಕಾ. ಆತನ ಮಾತಿನಲ್ಲಿ ತಪ್ಪಿರಲಿಲ್ಲ.

ಧೂಳು ಒರೆಸಿ ನೋಡಿದೆವು. ಕುದುರೆಯ ಪಕ್ಕದ ಉಕ್ಕಿನ ಪಟ್ಟಿಯಲ್ಲಿ ನಾಲ್ಕು ಭಾಗ ಮಾಡಿದ ಹೃದಯದಾಕಾರ, ಮೇಲೆ 4ರ ಅಂಕಿ, ಒಳಗೆ ಇಂಗ್ಲಿಷ್ ಅಕ್ಷರಗಳು. ಅದು ಕಂಪನಿಯ ಗುರುತು. 1808ರ ಸುಮಾರಿಗೆ ಈ ಗುರುತಿನ ಜಾಗಕ್ಕೆ ಸಿಂಹದ ಚಿತ್ರ ಬಂತು. ಅಂದರೆ ಈ ಬಂದೂಕು ಅದಕ್ಕೂ ಹಳೆಯದು. ನಳಿಗೆಯನ್ನು ಯಾರೋ 28 ಇಂಚಿಗೆ ಕೊಯ್ದಿದ್ದರು. ‘ಕೊಯ್ದದ್ದಕ್ಕ ರೇಟು ಇಳೀತದ’ ಅಂದ ವ್ಯಾಪಾರಿ. ನನಗೆ ಹಾಗನ್ನಿಸಲಿಲ್ಲ. ಸೈನ್ಯದ ಬಂದೂಕು ಹೊಲ ಕಾಯುವ ಬಂದೂಕಾದ ಕಥೆಯನ್ನು ಆ ಗಾಯವೇ ಹೇಳುತ್ತಿತ್ತು.

2019ರಲ್ಲಿ ಇಂಗ್ಲೆಂಡಿನ ಬರ್ಕ್‌ಷೈರ್‌ನ ಮನೆಯೊಂದರ ಅಟ್ಟದಲ್ಲಿ ಸಿಕ್ಕ ಟಿಪ್ಪುವಿನ ಚಕಮಕಿ ಬಂದೂಕು ಹರಾಜಿನಲ್ಲಿ 60,000 ಪೌಂಡಿಗೆ ಹೋಯಿತು. ಅದನ್ನು ಶ್ರೀರಂಗಪಟ್ಟಣದಿಂದ ಒಯ್ದ ಕಂಪನಿ ಅಧಿಕಾರಿ ಯಾರೆಂಬುದು ಆ ಮನೆಯವರಿಗೆ ಗೊತ್ತಿತ್ತು. ಕಾಕಾನದು ಸಾಮಾನ್ಯ ಸಿಪಾಯಿಯ ಬಂದೂಕು, ಅಷ್ಟು ಬೆಲೆ ಬಾರದು. ಆದರೂ ಮಾತು ಒಂದೇ: ಕಬ್ಬಿಣಕ್ಕೆ ಬೆಲೆ ತಂದುಕೊಡುವುದು ಯಾರ ಕೈಯಲ್ಲಿತ್ತು, ಎಲ್ಲಿತ್ತು ಎಂಬ ಕಥೆ. ಮಾರಿದ ಮರುದಿನ ಆ ಕಥೆ ಮನೆ ಬಿಟ್ಟು ಹೋಗುತ್ತದೆ.

ವ್ಯಾಪಾರಿ ಮತ್ತೆ ಬಂದಾಗ ಪುರಾತನ ವಸ್ತು ಮಾರುವ ಲೈಸೆನ್ಸ್ ತೋರಿಸಲು ಕೇಳಿದೆವು. ಆತ ತಿರುಗಿ ಬರಲಿಲ್ಲ. ಕಾಕಾ ಫೋಟೊ ಸಮೇತ ಠಾಣೆಗೆ ಅರ್ಜಿ ಕೊಟ್ಟು, ನಳಿಗೆ ಬಿರಿದಿರುವುದನ್ನು ತೋರಿಸಿ, ಸ್ವೀಕೃತಿ ಪಡೆದ. ಸಾಲ ಇನ್ನೂ ಇದೆ, ಬಂದೂಕೂ ಇದೆ.

ನಿಮಗೆ ಸಿಕ್ಕರೆ ಏನು ಮಾಡಬೇಕು?

• ಒಳಗೆ ಮದ್ದು, ಗುಂಡು ಇದೆ ಎಂದೇ ತಿಳಿಯಿರಿ. ಕರಿ ಮದ್ದು ಒಣಗಿದ್ದರೆ ನೂರು ವರ್ಷವಾದರೂ ಉರಿಯುತ್ತದೆ. ಬಾಯಿ ಯಾರ ಕಡೆಗೂ ತಿರುಗಿಸಬೇಡಿ, ಕುದುರೆ ಎಳೆಯಬೇಡಿ, ಮಕ್ಕಳ ಕೈಗೆ ಕೊಡಬೇಡಿ.

• ಹಿತ್ತಾಳೆ ಭಾಗಗಳನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಬೇಡಿ. ಹಿಡಿಕೆಯ ಮೇಲಿನ ಅಂಕಿ, ಅಕ್ಷರ ಅಳಿಸಿಹೋದರೆ ಅದರ ಜಾತಕವೇ ಹೋದಂತೆ. ಒಣ ಬಟ್ಟೆಯಿಂದ ಒರೆಸಿದರೆ ಸಾಕು.

• ಪೊಲೀಸ್ ಠಾಣೆಗೆ ಲಿಖಿತವಾಗಿ ತಿಳಿಸಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮಿನ ಪ್ರಕಾರ, ದುರಸ್ತಿ ಮಾಡಿದರೂ ಹಾರಿಸಲು ಬಾರದ ಪುರಾತನ ಆಯುಧಕ್ಕೆ ವಿನಾಯಿತಿ ಇದೆ. ಹಾರುವಂತಿದ್ದರೆ ಲೈಸೆನ್ಸ್ ಬೇಕು. ಯಾವುದು ಹೌದು, ಯಾವುದು ಅಲ್ಲ ಎಂದು ನಾವೇ ತೀರ್ಮಾನ ಮಾಡಿಕೊಳ್ಳುವುದು ಬೇಡ.

• ನೂರು ವರ್ಷ ದಾಟಿದ ವಸ್ತುವನ್ನು ಖಾಸಗಿಯವರು ವಿದೇಶಕ್ಕೆ ಕಳಿಸುವುದನ್ನು 1972ರ ಪುರಾತನ ವಸ್ತುಗಳ ಕಾಯ್ದೆ ನಿಷೇಧಿಸಿದೆ.

• ಮನೆಯ ಹಿರಿಯರನ್ನು ಕೂರಿಸಿಕೊಂಡು ಅದರ ಕಥೆ ಬರೆದಿಡಿ. ಇದಕ್ಕೆ ಮಾತ್ರ ತಡ ಮಾಡಬೇಡಿ. ತುಕ್ಕು ಹಿಡಿದ ಕಬ್ಬಿಣ ಇನ್ನೂ ನೂರು ವರ್ಷ ಇದ್ದೀತು, ಹೇಳುವ ಆಯಿ-ಮುತ್ಯಾ ಇರುವುದಿಲ್ಲ.