ಟಿವಿ ಚಾನೆಲ್ ಹಂಚಿಕೆ: ಎರಡು ಊರುಗಳ ನಡುವಿನವರ ಪಾಡು



ಮಾಳಿಗೆ ಮೇಲೆ ಒಬ್ಬರು ಆಂಟೆನಾ ತಿರುಗಿಸುವುದು, ಕೆಳಗಿನಿಂದ ಇನ್ನೊಬ್ಬರು "ಬಂತು, ಬಂತು... ಹೋತು" ಎಂದು ಕೂಗುವುದು ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ನಮ್ಮ ವಯಸ್ಸಿನವರಿಗೆ ಹೊಸದಲ್ಲ. 1977ರಲ್ಲಿ ಶುರುವಾದ ಕಲಬುರ್ಗಿ ದೂರದರ್ಶನದ ಕಡೆ ಅದನ್ನು ತಿರುಗಿಸಿ ನೋಡಿದವರು ನಮ್ಮಲ್ಲಿದ್ದಾರೆ. ನೆರೆಹೊರೆಯ ಪ್ರದೇಶಗಳಿಗೆ ಚಾನೆಲ್ ಹಂಚುವುದು ಹೇಗೆ ಎಂಬುದಕ್ಕೆ ಅಮೆರಿಕದ ಒಂದು ಹಳೆಯ ಉದಾಹರಣೆ ತಿಳಿಯತಕ್ಕದ್ದಾಗಿದೆ.

ಗೋಪುರದಿಂದ ಪ್ರಸಾರವಾಗುವ ಟಿವಿಯಲ್ಲಿ ಚಾನೆಲ್ ಸಂಖ್ಯೆ ಎಂದರೆ ತರಂಗಾಂತರದ ಒಂದು ಪಟ್ಟಿ. ಹತ್ತಿರದ ಎರಡು ಊರುಗಳಿಗೆ ಒಂದೇ ಸಂಖ್ಯೆ ಕೊಟ್ಟರೆ ನಡುವಿನ ಮನೆಗಳಲ್ಲಿ ಒಂದರ ಚಿತ್ರದ ಮೇಲೆ ಇನ್ನೊಂದರ ಗೆರೆಗಳು ಬೀಳುತ್ತವೆ. ಈ ತೊಂದರೆ ಹೆಚ್ಚಾದ್ದರಿಂದ ಅಲ್ಲಿನ ಸಂಪರ್ಕ ಆಯೋಗವು 1948ರ ಸೆಪ್ಟೆಂಬರ್ ಕೊನೆಗೆ ಹೊಸ ಪರವಾನಗಿಗಳನ್ನೇ ನಿಲ್ಲಿಸಿತು. 1952ರ ಏಪ್ರಿಲ್‌ನಲ್ಲಿ ಊರುವಾರು ಹಂಚಿಕೆ ಪಟ್ಟಿ ಹೊರಬಂತು. ಜನದಟ್ಟಣೆಯ ಈಶಾನ್ಯ ಭಾಗದಲ್ಲಿ, 2ರಿಂದ 13ರವರೆಗಿನ ಸಾಲಿನಲ್ಲಿ, ಒಂದೇ ಸಂಖ್ಯೆಯ ಎರಡು ಕೇಂದ್ರಗಳ ನಡುವೆ ಸುಮಾರು 270 ಕಿ.ಮೀ. ಅಂತರ ಇರಬೇಕಿತ್ತು, ಪಕ್ಕದ ಸಂಖ್ಯೆಯಾದರೆ ಸುಮಾರು 95 ಕಿ.ಮೀ.

ನ್ಯೂಯಾರ್ಕಿಗೂ ಫಿಲಡೆಲ್ಫಿಯಾಕ್ಕೂ ನಡುವೆ ಇರುವುದು ಸುಮಾರು 130 ಕಿ.ಮೀ. ಆದ್ದರಿಂದ ನ್ಯೂಯಾರ್ಕ್ ಸುತ್ತಮುತ್ತಲಿಗೆ 2, 4, 5, 7, 9, 11, 13. ಫಿಲಡೆಲ್ಫಿಯಾಕ್ಕೆ 3, 6, 10. ಅದರ ನೆರೆಯ ವಿಲ್ಮಿಂಗ್ಟನ್‌ಗೆ 12. ಒಂದೇ ಊರಿಗೆ 4 ಮತ್ತು 5 ಹೇಗೆ ಎಂದು ಕೇಳಬಹುದು. ಅವೆರಡರ ನಡುವೆ ಟಿವಿಗೆ ಕೊಡದ ಸ್ವಲ್ಪ ತರಂಗಾಂತರ ಖಾಲಿ ಇತ್ತು.

ಲೆಕ್ಕ ಸರಿಹೋಯಿತು. ಆದರೆ ನಡುವಿನ ನ್ಯೂಜೆರ್ಸಿ ರಾಜ್ಯದವರಿಗೆ ಎರಡೂ ಕಡೆಯ ಚಿತ್ರ ಬರುತ್ತಿತ್ತು, ಸುದ್ದಿ ಹೆಚ್ಚಾಗಿ ಆ ಎರಡು ಮಹಾನಗರಗಳದ್ದೇ. ಅವರ ನೆವಾರ್ಕ್ ಊರಿನ ಹೆಸರಿನಲ್ಲಿದ್ದ 13ನೆಯ ಚಾನೆಲ್, ಗವರ್ನರ್ ನ್ಯಾಯಾಲಯಕ್ಕೆ ಹೋದರೂ, 1962ರಲ್ಲಿ ನ್ಯೂಯಾರ್ಕಿನ ಶೈಕ್ಷಣಿಕ ವಾಹಿನಿಯಾಯಿತು. ಆಮೇಲೆ ಆ ಸಾಲಿನಲ್ಲಿ ನ್ಯೂಜೆರ್ಸಿಗೆ ಒಂದೂ ವಾಣಿಜ್ಯ ಕೇಂದ್ರ ಇರಲಿಲ್ಲ. 1982ರ ಕಾಯ್ದೆಯೊಂದರ ಬಲದಿಂದ, 1983ರಲ್ಲಿ ನ್ಯೂಯಾರ್ಕಿನ 9ನೆಯ ಚಾನೆಲ್‌ನ ಪರವಾನಗಿ ನ್ಯೂಜೆರ್ಸಿಯ ಸೆಕಾಕಸ್ ಊರಿಗೆ ವರ್ಗವಾಯಿತು. ಕಾಗದದಲ್ಲಿ ಊರಿನ ಹೆಸರು ಬದಲಾದರೆ ಏನು ಬಂತು ಎನ್ನಬೇಡಿ. ಪರವಾನಗಿ ಯಾವ ಊರಿನದೋ ಆ ಊರಿನ ಅಗತ್ಯ ನೋಡುವುದು ಅಲ್ಲಿ ಕೇಂದ್ರದ ಹೊಣೆ. ಕಚೇರಿಯಲ್ಲಿ ಕಡತ ಹಿಡಿದು ದುಡಿದ ನಮಗೆ ಅದರ ಬೆಲೆ ಗೊತ್ತು.

ಈಗ ನಮಗೆ ಆಂಟೆನಾ ತಿರುಗಿಸುವ ಕಷ್ಟವಿಲ್ಲ. ಚಂದನ ವಾಹಿನಿ ಉಪಗ್ರಹದ ಮೂಲಕ ಗಡಿ ದಾಟಿ ಮನೆಗೇ ಬರುತ್ತದೆ. ಕನ್ನಡ ನಮ್ಮನ್ನು ತಲುಪಿತು. ನಮ್ಮ ಸುದ್ದಿ ಅಲ್ಲಿಗೆ ತಲುಪುತ್ತಿದೆಯೆ? ಇಲ್ಲಿನ ಕನ್ನಡ ಶಾಲೆಯಲ್ಲಿ ಮಾಸ್ತರರ ಜಾಗ ಖಾಲಿ ಬಿದ್ದರೆ ಎರಡೂ ರಾಜಧಾನಿಗಳ ಸುದ್ದಿಯಲ್ಲಿ ಅದು ಕಾಣುವುದು ಅಪರೂಪ.

ಆದ್ದರಿಂದ ಸದಸ್ಯರು ತಮ್ಮ ಊರಿನ ಕನ್ನಡ ಶಾಲೆ, ವಾಚನಾಲಯಗಳ ಸ್ಥಿತಿಯನ್ನು ದಿನಾಂಕ ಸಹಿತ ಬರೆದು ಮುಂದಿನ ಮಾಸಿಕ ಸಭೆಗೆ ತರಬೇಕಾಗಿ ವಿನಂತಿ. ಎಲ್ಲವನ್ನೂ ಒಟ್ಟುಗೂಡಿಸಿ ಎರಡೂ ರಾಜ್ಯಗಳ ಸುದ್ದಿ ವಿಭಾಗಗಳಿಗೆ ಸಂಘದ ವತಿಯಿಂದ ಕಳುಹಿಸುತ್ತೇವೆ.

– ಕಾರ್ಯದರ್ಶಿ